ಅಮೆರಿಕದ ಇತಿಹಾಸ ಮತ್ತು ಸಂಸ್ಕೃತಿಯನ್ನು ವಿಶ್ವವಿದ್ಯಾಲಯದಲ್ಲಿ ಓದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತನೆಯ ತರಗತಿಯವರೆಗೆ ಹಾಸನ ಜಿಲ್ಲೆಯ ಒಂದು ಕನ್ನಡ ಶಾಲೆಯಲ್ಲಿ ಓದಿದ ನಾನು ಈಗ ಅಮೆರಿಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಲ್ಲಿನ ಮಕ್ಕಳಿಗೇ ಅವರ ದೇಶದ ಇತಿಹಾಸವನ್ನು ಪಾಠ ಹೇಳುತ್ತಿದ್ದೇನೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೈಸೂರು, ಧಾರವಾಡ, ಶಿವಮೊಗ್ಗ, ಕಲಬುರಗಿ ಕಡೆಯಿಂದ ವಿದ್ಯಾರ್ಥಿಗಳ ಪತ್ರಗಳು ಬರತೊಡಗುತ್ತವೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಒಬ್ಬೊಬ್ಬರಿಗೂ ಅವಸರದಲ್ಲಿ ಅರ್ಧ ಉತ್ತರ ಕಳಿಸುವ ಬದಲು ಎಲ್ಲವನ್ನೂ ಒಂದೆಡೆ ನಿಧಾನವಾಗಿ ಬರೆದಿಟ್ಟಿದ್ದೇನೆ.

ಇನ್ನೂರೈವತ್ತು ವರ್ಷದ ದೇಶ. ಅದಕ್ಕೆ ಎಂಥ ಇತಿಹಾಸ?

ವಿದ್ಯಾರ್ಥಿಗಳು ಮಾತ್ರವಲ್ಲ, ಊರಿಗೆ ಹೋದಾಗ ಮದುವೆ ಮನೆಗಳಲ್ಲಿ ಹಿರಿಯರು ಕೇಳುವುದೂ ಇದನ್ನೇ. 1776ರಲ್ಲಿ ಹುಟ್ಟಿದ್ದು ಒಂದು ಸರ್ಕಾರ. ಆ ನೆಲದಲ್ಲಿ ಜನ ಸಾವಿರಾರು ವರ್ಷಗಳಿಂದ ಬದುಕಿದ್ದರು. ಬೇಲೂರಿನಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ 1117ರ ಸುಮಾರಿಗೆ, ಇಂದಿನ ಸೇಂಟ್ ಲೂಯಿಸ್ ನಗರದಿಂದ ಮಿಸಿಸಿಪಿ ನದಿಯಾಚೆ ಕಹೋಕಿಯಾ ಎಂಬ ಪಟ್ಟಣ ಏಳಿಗೆಯ ತುದಿಯಲ್ಲಿತ್ತು. ಬುಟ್ಟಿಬುಟ್ಟಿ ಮಣ್ಣು ಹೊತ್ತು ಅಲ್ಲಿನ ಜನ ಕಟ್ಟಿದ ದೊಡ್ಡ ದಿಬ್ಬ ಇಂದಿಗೂ ಸುಮಾರು 30 ಮೀಟರ್ ಎತ್ತರಕ್ಕೆ ನಿಂತಿದೆ. ಅದರ ಮೆಟ್ಟಿಲು ಹತ್ತಿ ಮೇಲೆ ನಿಂತರೆ ಸೇಂಟ್ ಲೂಯಿಸ್‌ನ ಉಕ್ಕಿನ ಕಮಾನು ದೂರದಲ್ಲಿ ಕಾಣುತ್ತದೆ. ನನ್ನ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ, ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದವರು ಕೂಡ ಈ ಹೆಸರನ್ನೇ ಕೇಳಿರಲಿಲ್ಲ ಎನ್ನುತ್ತಾರೆ.

ಫ್ಲಾರಿಡಾದ ಸೇಂಟ್ ಆಗಸ್ಟಿನ್ ಪಟ್ಟಣವನ್ನು ಸ್ಪೇನಿನವರು ಸ್ಥಾಪಿಸಿದ್ದು 1565ರಲ್ಲಿ. ರಕ್ಕಸತಂಗಡಿಯಲ್ಲಿ ವಿಜಯನಗರ ಸೋತ ವರ್ಷ ಅದು. ಇಂಗ್ಲಿಷರ ಹದಿಮೂರು ವಸಾಹತುಗಳಿಂದ ಕಥೆ ಶುರುಮಾಡುವುದು ಹಳೆಯ ಪಠ್ಯಪುಸ್ತಕಗಳ ರೂಢಿ. ಇಂದು ವಿಶ್ವವಿದ್ಯಾಲಯಗಳಲ್ಲಿ ಕಲಿಸುವ ಇತಿಹಾಸಕ್ಕೆ ಮೂಲನಿವಾಸಿಗಳು, ಸ್ಪೇನಿನವರು, ಫ್ರೆಂಚರು, ಆಫ್ರಿಕಾದಿಂದ ಸೆರೆಯಾಗಿ ಬಂದವರು, ಪೆಸಿಫಿಕ್ ದಾಟಿ ಬಂದ ಏಷ್ಯಾದವರು ಎಲ್ಲರೂ ಬೇಕು. ಸಂಯುಕ್ತ ಸರ್ಕಾರ ಮಾನ್ಯ ಮಾಡಿರುವ ಮೂಲನಿವಾಸಿ ಸಮುದಾಯಗಳೇ ಇಂದು 570ಕ್ಕೂ ಹೆಚ್ಚಿವೆ.

‘ಅಮೆರಿಕನ್ ಅಧ್ಯಯನ’ ಎಂಬ ವಿಭಾಗವೂ ಇದೆ, ಇತಿಹಾಸ ವಿಭಾಗವೂ ಇದೆ. ಯಾವುದಕ್ಕೆ ಸೇರಬೇಕು?

ಇತಿಹಾಸ ವಿಭಾಗದಲ್ಲಿ ಕಾಲಘಟ್ಟ, ಪತ್ರಾಗಾರ, ದಾಖಲೆಗಳ ಶಿಸ್ತು ಗಟ್ಟಿಯಾಗಿ ಸಿಗುತ್ತದೆ. ಅಮೆರಿಕನ್ ಅಧ್ಯಯನ 1930ರ ದಶಕದಲ್ಲಿ ಹಾರ್ವರ್ಡ್, ಯೇಲ್‌ನಂಥ ಕಡೆ ಬೇರುಬಿಟ್ಟ ವಿಷಯ. ಇತಿಹಾಸ, ಸಾಹಿತ್ಯ, ಚಿತ್ರ, ಸಂಗೀತ, ಕಾನೂನು ಇವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಒಂದು ಪ್ರಶ್ನೆಯ ಬೆನ್ನು ಹತ್ತುವುದು ಅದರ ದಾರಿ.

ಒಂದು ಜೀನ್ಸ್ ಪ್ಯಾಂಟನ್ನು ತೆಗೆದುಕೊಳ್ಳಿ. ಜೇಬಿನ ಮೂಲೆಗೆ ತಾಮ್ರದ ಗುಂಡಿ ಬಡಿದು ಗಟ್ಟಿ ಮಾಡುವ ಉಪಾಯಕ್ಕೆ 1873ರ ಮೇ 20ರಂದು ಪೇಟೆಂಟ್ ಸಿಕ್ಕಿತು. ಉಪಾಯ ನೆವಾಡಾದ ರೀನೋ ಪಟ್ಟಣದ ದರ್ಜಿ ಜೇಕಬ್ ಡೇವಿಸ್‌ನದು. ಹಣ ಹಾಕಿದವನು ಸ್ಯಾನ್‌ಫ್ರಾನ್ಸಿಸ್ಕೋದ ಜವಳಿ ವರ್ತಕ ಲೀವೈ ಸ್ಟ್ರಾಸ್. ಇಬ್ಬರೂ ಯುರೋಪಿನಿಂದ ವಲಸೆ ಬಂದ ಯಹೂದಿಗಳು. ಬಟ್ಟೆಯ ಹೆಸರು ಡೆನಿಮ್ ಬಂದದ್ದು ಫ್ರಾನ್ಸಿನ ನೀಮ್ ಊರಿನಿಂದ. ಅದರ ದಾಯಾದಿ ಡಂಗರಿಗೆ ಹೆಸರು ಕೊಟ್ಟದ್ದು ಮುಂಬಯಿಯ ಡೋಂಗ್ರಿ. ನೀಲಿ ಬಣ್ಣದ ಹಿಂದೆ ಹೋದರೆ 18ನೆಯ ಶತಮಾನದ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರು ಬೆಳೆದ ನೀಲಿ ಗಿಡದ ತೋಟಗಳು ಸಿಗುತ್ತವೆ. ಅದೇ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ, ಚೀನೀ ಕಾರ್ಮಿಕರು ದೇಶದೊಳಕ್ಕೆ ಬರದಂತೆ 1882ರಲ್ಲಿ ಕಾನೂನು ಬಂದ ಕಾಲಕ್ಕೆ, ‘ಬಿಳಿಯರೇ ಹೊಲಿದದ್ದು’ ಎಂದು ಹೇಳಿಕೊಂಡು ಉಡುಪು ಮಾರುತ್ತಿದ್ದರು. ಒಂದು ಪ್ಯಾಂಟಿನಿಂದ ವಲಸೆ, ವ್ಯಾಪಾರ, ಗುಲಾಮಗಿರಿ, ಜನಾಂಗ ದ್ವೇಷ ಇಷ್ಟೂ ಹೊರಬರುತ್ತವೆ. ಇಂಥ ಹುಡುಕಾಟ ನಿಮ್ಮ ಮನಸ್ಸಿಗೆ ಹತ್ತಿರವಾದರೆ ಅಮೆರಿಕನ್ ಅಧ್ಯಯನಕ್ಕೆ ಸೇರಿ. ಒಂದು ಕಾಲ, ಒಂದು ಪ್ರದೇಶದ ಆಳಕ್ಕೆ ಇಳಿಯಬೇಕು ಎನ್ನಿಸಿದರೆ ಇತಿಹಾಸವೇ ಸರಿ. ಎರಡು ವಿಭಾಗಗಳ ನಡುವಿನ ಗೋಡೆ ತಗ್ಗಾಗಿದೆ. ಅಲ್ಲಿದ್ದುಕೊಂಡೇ ಇಲ್ಲಿನ ತರಗತಿಗಳಿಗೆ ಹೋಗಬಹುದು.

ತರಗತಿಯಲ್ಲಿ ನಿಜವಾಗಿ ಏನು ನಡೆಯುತ್ತದೆ? ತಾರೀಖುಗಳನ್ನು ಬಾಯಿಪಾಠ ಮಾಡಬೇಕೇ?

ಬಾಯಿಪಾಠಕ್ಕೆ ಅಂಕವಿಲ್ಲ. ಸ್ನಾತಕೋತ್ತರ ಸೆಮಿನಾರಿನಲ್ಲಿ ಹತ್ತು ಹನ್ನೆರಡು ಜನ ಮೇಜಿನ ಸುತ್ತ ಕೂರುತ್ತಾರೆ. ವಾರಕ್ಕೆ ಒಂದೊಂದು ಕೋರ್ಸಿಗೆ ಇನ್ನೂರು ಮುನ್ನೂರು ಪುಟ ಓದಿರಬೇಕು. ಮೂರು ಗಂಟೆ ಚರ್ಚೆ. ಆದರೆ ಈ ವಿಷಯದ ಜೀವ ಇರುವುದು ಮೂಲ ದಾಖಲೆಯನ್ನು ಓದುವುದರಲ್ಲಿ. ನನ್ನ ತರಗತಿಯ ಮೊದಲ ವಾರದಲ್ಲಿ ಏನು ಮಾಡುತ್ತೇನೆ ಎಂಬುದನ್ನೇ ಹೇಳುತ್ತೇನೆ.

ನ್ಯೂ ಆರ್ಲಿಯನ್ಸ್‌ನಿಂದ ‘ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್’ ಎಂಬ, ಮೆಥಡಿಸ್ಟ್ ಎನ್ನುವ ಕ್ರೈಸ್ತ ಪಂಥದ ಪತ್ರಿಕೆ ಹೊರಡುತ್ತಿತ್ತು. 1879ರಿಂದ ಅದರಲ್ಲಿ ‘ಕಳೆದುಹೋದ ಬಂಧುಗಳು’ ಎಂಬ ಅರ್ಥದ ಒಂದು ಅಂಕಣ ಬಂತು. ಅಂತರ್ಯುದ್ಧ ಮುಗಿದು, 1865ರಲ್ಲಿ ಗುಲಾಮಗಿರಿ ರದ್ದಾಗಿ, ಆ ಹೊತ್ತಿಗೆ ಹದಿನಾಲ್ಕು ವರ್ಷ. ಮಾರಾಟವಾಗಿ ದಿಕ್ಕುಪಾಲಾಗಿದ್ದ ತಾಯಿ, ಮಗ, ತಂಗಿಯರನ್ನು ಜನ ಇನ್ನೂ ಹುಡುಕುತ್ತಿದ್ದರು. ಪತ್ರಿಕೆಯ ಚಂದಾದಾರರ ಪತ್ರವನ್ನು ಉಚಿತವಾಗಿ ಅಚ್ಚುಮಾಡುತ್ತಿದ್ದರು. ಉಳಿದವರು 50 ಸೆಂಟ್ ಕೊಡಬೇಕಿತ್ತು. ಓದಲು ಬಾರದವರಿಗೂ ಸುದ್ದಿ ಮುಟ್ಟಲಿ ಎಂದು ಇವನ್ನು ಚರ್ಚಿನ ವೇದಿಕೆಯಿಂದ ಗಟ್ಟಿಯಾಗಿ ಓದಿ ಹೇಳಿ ಎಂದು ಪಾದ್ರಿಗಳನ್ನು ಪತ್ರಿಕೆಯೇ ಕೇಳಿಕೊಳ್ಳುತ್ತಿತ್ತು.

ಒಂದೊಂದು ಪ್ರಕಟಣೆಯೂ ಹೆಚ್ಚೆಂದರೆ ಹತ್ತು ಹದಿನೈದು ಸಾಲು. ಅದರಲ್ಲಿ ಊರಿನ ಹೆಸರು ಬರುತ್ತದೆ, ಒಡಹುಟ್ಟಿದವರ ಹೆಸರುಗಳ ಪಟ್ಟಿ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಯಜಮಾನರ ಹೆಸರುಗಳು ಬರುತ್ತವೆ: ತಾಯಿ ಇಂಥವನಿಗೆ ಸೇರಿದ್ದಳು, ಅವನು ಸತ್ತ ಮೇಲೆ ಇಂಥವನ ಪಾಲಿಗೆ ಹೋದಳು, ತಮ್ಮನನ್ನು ಟೆಕ್ಸಾಸಿಗೆ ಹೋಗುತ್ತಿದ್ದ ಇಂಥ ವ್ಯಾಪಾರಿಗೆ ಮಾರಿದರು.

ನಮ್ಮೂರಲ್ಲಿ ಹೊಸಬರು ಕಂಡರೆ ಜಗಲಿಯ ಮೇಲೆ ಕೂತ ಅಜ್ಜಿ ‘ಯಾರ ಪೈಕಿಯಪ್ಪಾ ನೀನು?’ ಎಂದು ಕೇಳುತ್ತಾಳೆ. ನಾವು ಅಜ್ಜನ ಹೆಸರು, ಮನೆತನದ ಹೆಸರು ಹೇಳುತ್ತೇವೆ. ಅವಳಿಗೆ ಗುರುತು ಸಿಗುತ್ತದೆ. ಆ ಅಂಕಣದ ಜನರಿಗೂ ಅದೇ ಪ್ರಶ್ನೆ ಇತ್ತು. ‘ಯಾರ ಪೈಕಿ’ ಎಂಬುದಕ್ಕೆ ಅವರು ಕೊಡಬಹುದಾಗಿದ್ದ ಉತ್ತರ ತಮ್ಮನ್ನು ಕೊಂಡವರ, ಮಾರಿದವರ ಹೆಸರು. ಕಾನೂನಿನ ಕಣ್ಣಿಗೆ ಅವರಿಗೆ ಮನೆತನವೇ ಇರಲಿಲ್ಲ, ಮದುವೆಗೆ ಮಾನ್ಯತೆ ಇರಲಿಲ್ಲ, ಮಕ್ಕಳ ಮೇಲೆ ಹಕ್ಕಿರಲಿಲ್ಲ. ಆದ್ದರಿಂದ ಮಾರಾಟದ ಸರಪಳಿಯನ್ನೇ ವಂಶಾವಳಿಯಂತೆ ಒಪ್ಪಿಸಬೇಕಾಯಿತು. ಈ ಮಾತು ನನಗೆ ಹೊಳೆದದ್ದು ಕನ್ನಡದಲ್ಲಿ. ಅದನ್ನು ತರಗತಿಯಲ್ಲಿ ಇಂಗ್ಲಿಷಿನಲ್ಲಿ ವಿವರಿಸಿದ ದಿನ ಹುಡುಗರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬಳು ಕೈಯೆತ್ತಿ, ಈ ಅಂಕಣದಲ್ಲಿ ಯಜಮಾನರ ಹೆಸರನ್ನು ತಪ್ಪಿಲ್ಲದೆ ನೆನಪಿಟ್ಟುಕೊಳ್ಳುವುದು ವಿಧೇಯತೆಯೋ, ಮತ್ತೆ ಮನೆಯವರನ್ನು ಸೇರುವ ಹಟವೋ ಎಂದು ಕೇಳಿದಳು. ಆ ಸೆಮಿಸ್ಟರಿನಲ್ಲಿ ಅವಳು ಬರೆದ ಪ್ರಬಂಧ ಅದರ ಮೇಲೆಯೇ.

ಕನ್ನಡ ಮಾಧ್ಯಮದವರಿಗೆ ಇದು ಸಾಧ್ಯವೇ?

ಸಾಧ್ಯ. ಇಂಗ್ಲಿಷ್ ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಬರೆಯುವ ಇಂಗ್ಲಿಷಿನ ಮೇಲೆ ಹಿಡಿತ ಬರಲು ಎರಡು ಮೂರು ವರ್ಷದ ಬಿಡದ ಅಭ್ಯಾಸ ಬೇಕು. ಉಚ್ಚಾರಣೆಯ ಬಗ್ಗೆ ಚಿಂತೆ ಬೇಡ. ಟೋಫೆಲ್ ಅಥವಾ ಐಇಎಲ್‌ಟಿಎಸ್ ಪರೀಕ್ಷೆ ದಾಟಿದ ಮೇಲೂ ಮೊದಲ ಸೆಮಿಸ್ಟರಿನಲ್ಲಿ ಚರ್ಚೆಯ ವೇಗಕ್ಕೆ ಹೊಂದಿಕೊಳ್ಳುವುದು ಕಷ್ಟವಾಗುತ್ತದೆ. ನಾನು ಓದುವಾಗ ಪುಟದ ಅಂಚಿನಲ್ಲಿ ಕನ್ನಡದಲ್ಲೇ ಪ್ರಶ್ನೆ ಬರೆದುಕೊಂಡು, ತರಗತಿಯ ಹಿಂದಿನ ರಾತ್ರಿ ಅವುಗಳಲ್ಲಿ ಎರಡನ್ನು ಮಾತ್ರ ಇಂಗ್ಲಿಷಿಗೆ ತಂದುಕೊಳ್ಳುತ್ತಿದ್ದೆ. ಇವತ್ತಿಗೂ ಅದೇ ಅಭ್ಯಾಸ. ಕನ್ನಡದಲ್ಲಿ ಯೋಚಿಸಿದ ಪ್ರಶ್ನೆ ಎಲ್ಲರೂ ಕೇಳುವ ಪ್ರಶ್ನೆಗಿಂತ ಬೇರೆಯಾಗಿರುತ್ತದೆ, ಅದನ್ನು ಬಿಟ್ಟುಕೊಡಬೇಡಿ.

ಪಿಎಚ್‌.ಡಿ.ಗೆ ಇಂಗ್ಲಿಷ್ ಅಲ್ಲದೆ ಇನ್ನೊಂದು ಭಾಷೆ ಓದಲು ಬರಬೇಕು ಎಂದು ಬಹಳಷ್ಟು ವಿಭಾಗಗಳು ಕೇಳುತ್ತವೆ. ಸಮಯ ಇದ್ದರೆ ಸ್ಪ್ಯಾನಿಷ್ ಕಲಿಯಿರಿ. ನೈಋತ್ಯ ಅಮೆರಿಕದ ಇತಿಹಾಸ ಅದಿಲ್ಲದೆ ಅರ್ಧವೇ.

ಅಮೆರಿಕವನ್ನು ಹೊಗಳಲು ಕಲಿಸುತ್ತಾರೆಯೇ, ತೆಗಳಲು ಕಲಿಸುತ್ತಾರೆಯೇ?

ಎರಡೂ ನಡೆದಿದೆ. ಶೀತಲ ಸಮರದ ಕಾಲದಲ್ಲಿ ಈ ವಿಷಯವನ್ನು ಹೊರದೇಶಗಳಲ್ಲಿ ಬೆಳೆಸಲು ಅಮೆರಿಕ ಸರ್ಕಾರ ಹಣ ಹಾಕಿತು. ತನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಹುಟ್ಟಬೇಕೆಂಬ ಉದ್ದೇಶ ಅದಕ್ಕಿತ್ತು. ಅಂದಿನ ಅನೇಕ ಅಧ್ಯಾಪಕರು ‘ಅಮೆರಿಕದ ಮನಸ್ಸು’ ಎಂಬ ಒಂದೇ ಅಚ್ಚಿನ ವಸ್ತುವನ್ನು ಹುಡುಕುತ್ತಿದ್ದರು. 1968ರ ನವೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನ ವಿದ್ಯಾರ್ಥಿಗಳು, ನಮ್ಮ ಜನರ ಚರಿತ್ರೆ ಪಠ್ಯದಲ್ಲಿ ಎಲ್ಲಿದೆ ಎಂದು ಕೇಳಿ ಮುಷ್ಕರ ಹೂಡಿದರು. ಅದು ಸುಮಾರು ನಾಲ್ಕೂವರೆ ತಿಂಗಳು ನಡೆಯಿತು. ಕಪ್ಪು ಜನರ, ಏಷ್ಯಾ ಮೂಲದವರ, ಮೆಕ್ಸಿಕೋ ಮೂಲದವರ, ಮೂಲನಿವಾಸಿಗಳ ಅಧ್ಯಯನ ಅಲ್ಲಿಂದ ಮುಂದೆ ವಿಶ್ವವಿದ್ಯಾಲಯಗಳಲ್ಲಿ ಗಟ್ಟಿಯಾಗಿ ನೆಲೆಯಾಯಿತು. 2021ರಿಂದೀಚೆಗೆ ಕೆಲವು ರಾಜ್ಯಗಳು ಜನಾಂಗದ ಇತಿಹಾಸವನ್ನು ಕಲಿಸುವ ಬಗೆಯ ಮೇಲೆ ನಿರ್ಬಂಧ ಹಾಕುವ ಕಾನೂನುಗಳನ್ನು ಮಾಡಿವೆ. ಆದ್ದರಿಂದ ಅರ್ಜಿ ಹಾಕುವ ಮುನ್ನ ಆ ರಾಜ್ಯದ ಪರಿಸ್ಥಿತಿ ಹೇಗಿದೆ ಎಂದು ಅಲ್ಲಿ ಓದುತ್ತಿರುವವರನ್ನೇ ಕೇಳಿ ತಿಳಿದುಕೊಳ್ಳಿ.

ನಾನು ಪಾಠ ಮಾಡುವಾಗ ಫ್ರೆಡರಿಕ್ ಡಗ್ಲಸ್‌ನನ್ನು ಮುಂದಿಟ್ಟುಕೊಳ್ಳುತ್ತೇನೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೊಡ್ಡ ವಾಗ್ಮಿಯಾದ ಆತ 1852ರ ಜುಲೈ 5ರಂದು ರಾಚೆಸ್ಟರ್ ನಗರದಲ್ಲಿ ಮಾಡಿದ ಭಾಷಣದಲ್ಲಿ ದೇಶ ಕಟ್ಟಿದವರ ಧೈರ್ಯವನ್ನು ಮನಸಾರೆ ಮೆಚ್ಚುತ್ತಾನೆ. ಗುಲಾಮನಿಗೆ ನಿಮ್ಮ ಸ್ವಾತಂತ್ರ್ಯ ದಿನದಿಂದ ಏನು ಬಂತು ಎಂದು ಅದೇ ಉಸಿರಿನಲ್ಲಿ ಕೇಳುತ್ತಾನೆ. ಇಷ್ಟನ್ನೂ ಒಂದೇ ಸಭೆಯಲ್ಲಿ ಹೇಳಿದ. ಹೊಗಳಿಕೆ ತೆಗಳಿಕೆಗಳನ್ನು ಪಕ್ಷ ಕಟ್ಟಿಕೊಂಡು ಹಂಚಿಕೊಳ್ಳುವವರಿಗೆ ಆ ಭಾಷಣವನ್ನು ಪೂರ್ತಿ ಓದಿಸಬೇಕು.

ಜಾತಿ ಗೊತ್ತಿರುವ ನಮಗೆ ಅಮೆರಿಕದ ಜನಾಂಗ ಭೇದ ಬೇಗ ಅರ್ಥವಾಗುತ್ತದೆಯೇ?

ಸಹಾಯವಾಗುತ್ತದೆ, ಎಚ್ಚರ ತಪ್ಪಿದರೆ ದಾರಿಯನ್ನೂ ತಪ್ಪಿಸುತ್ತದೆ. ಈ ಹೋಲಿಕೆಗೆ ನೂರೈವತ್ತು ವರ್ಷಗಳ ಚರಿತ್ರೆ ಇದೆ. ಜ್ಯೋತಿರಾವ್ ಫುಲೆ 1873ರಲ್ಲಿ ‘ಗುಲಾಮಗಿರಿ’ಯನ್ನು ಅರ್ಪಿಸಿದ್ದೇ, ಗುಲಾಮಗಿರಿ ತೊಡೆದುಹಾಕಲು ದುಡಿದ ಅಮೆರಿಕದ ಜನರಿಗೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1913ರಿಂದ 1916ರವರೆಗೆ ಓದಿದ್ದ ಅಂಬೇಡ್ಕರ್ 1946ರಲ್ಲಿ ಕಪ್ಪು ವಿದ್ವಾಂಸ ಡುಬಾಯ್ಸ್‌ಗೆ ಪತ್ರ ಬರೆದು, ನೀಗ್ರೋ ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದರು; ಡುಬಾಯ್ಸ್ ಉತ್ತರಿಸಿದರು. 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ ಹುಟ್ಟಿದ್ದು ಅಮೆರಿಕದ ಕಪ್ಪು ಜನರ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್ ಹೆಸರಿನಿಂದ.

ಈಗ ಇನ್ನೊಂದು ಪ್ರಕರಣ ನೋಡಿ. ಭಗತ್ ಸಿಂಗ್ ಥಿಂದ್ ಎಂಬ ಪಂಜಾಬಿ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟವನು. ವಲಸೆ ಬಂದವರಲ್ಲಿ ಪೌರತ್ವ ಆಗ ‘ಬಿಳಿಯ’ರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯನೇ ಎಂಬುದು ಅವನ ವಾದ. 1923ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಎಂದು ತಿಳಿಯುತ್ತಾನೋ ಅವನೇ ಬಿಳಿಯ ಎಂದಿತು. ಆಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವವನ್ನೂ ಕಿತ್ತುಕೊಂಡರು. 1946ರಲ್ಲಿ ಕಾನೂನು ಬದಲಾಗುವವರೆಗೂ ಆ ಬಾಗಿಲು ಮುಚ್ಚಿತ್ತು. ಕೆಳಗೆ ತುಳಿಯಲ್ಪಟ್ಟವರ ಪರ ನಿಲ್ಲದೆ, ತನ್ನ ಜಾತಿಯನ್ನೇ ಏಣಿ ಮಾಡಿಕೊಂಡು ಬಿಳಿಯರ ಸಾಲಿಗೆ ಹತ್ತಲು ಹೊರಟ ವಾದ ಅದು. ನಮ್ಮವರು ಅಮೆರಿಕದ ಇತಿಹಾಸ ಓದುವಾಗ ಈ ಪ್ರಕರಣವನ್ನು ನೋವಾದರೂ ಪೂರ್ತಿ ಓದಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕರ್ನಾಟಕದವರಿಗೆ ಒಂದು ವಿಶೇಷ ಅನುಕೂಲ ಇದೆ. ಮೈಸೂರು ಸಂಸ್ಥಾನ 1918ರಲ್ಲೇ ಮಿಲ್ಲರ್ ಸಮಿತಿಯನ್ನು ನೇಮಿಸಿ ಹಿಂದುಳಿದವರ ಪ್ರಾತಿನಿಧ್ಯದ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಮೀಸಲಾತಿಯ ಚರ್ಚೆಯಲ್ಲೇ ಬೆಳೆದವರು, ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಬಾರದು ಎಂದ 2023ರ ಅಮೆರಿಕ ಸುಪ್ರೀಂ ಕೋರ್ಟ್ ತೀರ್ಪನ್ನು ಓದಿದಾಗ, ಅಲ್ಲಿನ ಸಹಪಾಠಿಗಳಿಗೆ ಹೊಳೆಯದ ಹತ್ತು ಪ್ರಶ್ನೆಗಳನ್ನು ಕೇಳುತ್ತಾರೆ.

ಕನ್ನಡ ನಾಡಿಗೂ ಅಮೆರಿಕದ ಚರಿತ್ರೆಗೂ ಸಂಬಂಧ ಇರುವ ಸಂಶೋಧನಾ ವಿಷಯಗಳಿವೆಯೇ?

ಇವೆ, ಇನ್ನೂ ಯಾರೂ ಸರಿಯಾಗಿ ಮುಟ್ಟದವೂ ಇವೆ. ಅಮೆರಿಕದ ಕ್ರಾಂತಿಯ ಕೊನೆಯ ದಿನಗಳಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ‘ಹೈದರ್ ಅಲಿ’ ಎಂದು ಹೆಸರಿಟ್ಟಿದ್ದರು. ಬ್ರಿಟಿಷರನ್ನು ಮೈಸೂರು ಹಣ್ಣುಮಾಡುತ್ತಿದೆ ಎಂಬ ಸುದ್ದಿ ಅಲ್ಲಿಯವರೆಗೆ ಮುಟ್ಟಿತ್ತು. ಆ ನೌಕೆ 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ತೆಗೆದುಕೊಂಡು ಹೋದವನು. ಮೈಸೂರಿನ ರಾಕೆಟ್ಟುಗಳನ್ನು ನೋಡಿ ಬ್ರಿಟಿಷರು ಮಾಡಿಕೊಂಡ ಕಾಂಗ್ರೀವ್ ರಾಕೆಟ್ಟುಗಳು 1814ರಲ್ಲಿ ಬಾಲ್ಟಿಮೋರಿನ ಕೋಟೆಯ ಮೇಲೆ ಉರಿದವು. ಅಮೆರಿಕದ ರಾಷ್ಟ್ರಗೀತೆಯಲ್ಲಿ ಬರುವ ರಾಕೆಟ್ಟಿನ ಕೆಂಪು ಬೆಳಕು ಅದೇ.

ಇವು ಎಲ್ಲರ ಕಣ್ಣಿಗೆ ಬೀಳುವ ಕಥೆಗಳು. ಪಿಎಚ್‌.ಡಿ.ಗೆ ನಾನು ಸೂಚಿಸುವುದು ಇನ್ನೂ ಸಣ್ಣ, ಇನ್ನೂ ಆಳದ ವಿಷಯಗಳು. ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳಿಗೆ ಆ ಹೆಸರು ಬಂದದ್ದು ಓಹಾಯೋ ರಾಜ್ಯದ ಜಾನ್ ಬಾಲ್ಡ್‌ವಿನ್ ಎಂಬ ದಾನಿಯಿಂದ. ಅಮೆರಿಕದ ಮೆಥಡಿಸ್ಟ್ ಮಿಷನರಿಗಳು ನಮ್ಮ ಕಡೆಯಿಂದ ಊರಿಗೆ ಏನೆಂದು ಬರೆಯುತ್ತಿದ್ದರು, ಅದನ್ನು ಅಲ್ಲಿನ ಹಳ್ಳಿಯ ಚರ್ಚುಗಳಲ್ಲಿ ಕೇಳಿದವರು ‘ಇಂಡಿಯಾ’ವನ್ನು ಹೇಗೆ ಕಲ್ಪಿಸಿಕೊಂಡರು ಎಂಬುದು ಅಮೆರಿಕದ ಸಂಸ್ಕೃತಿಯ ಪ್ರಶ್ನೆಯೇ. ಆ ಚರ್ಚಿನ ಕಡತಗಳು ನ್ಯೂಜೆರ್ಸಿಯ ಡ್ರೂ ವಿಶ್ವವಿದ್ಯಾಲಯದ ಆವರಣದಲ್ಲಿವೆ. ಇನ್ನೊಂದು: 1950ರ ದಶಕದ ಆರಂಭದಲ್ಲಿ ರಾಮನಗರದಲ್ಲಿ ಕುಟುಂಬ ಯೋಜನೆಯ ಒಂದು ಪ್ರಯೋಗ ನಡೆಯಿತು. ಅದರ ಹಿಂದೆ ನ್ಯೂಯಾರ್ಕಿನ ವೈದ್ಯ ಅಬ್ರಹಾಂ ಸ್ಟೋನ್ ಇದ್ದರು. ಗರ್ಭ ನಿಲ್ಲುವ, ನಿಲ್ಲದ ದಿನಗಳ ಲೆಕ್ಕ ಹಾಕಲು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟರು. ಆ ಸರ ರಾಮನಗರದ ಮನೆಗಳಲ್ಲಿ ಯಾರ ಕೈಯಲ್ಲಿತ್ತು, ಯಾವ ಗೂಟಕ್ಕೆ ನೇತುಬಿದ್ದಿತ್ತು ಎಂಬುದನ್ನು ಅಲ್ಲಿನ ಅಜ್ಜಿಯರ ಹತ್ತಿರ ಕನ್ನಡದಲ್ಲಿ ಕೂತು ಕೇಳಬಲ್ಲವರು ನೀವು. ಕೇಳುವ ಕಾಲ ಜಾರುತ್ತಿದೆ.

ಎಲ್ಲಿ ಓದಬಹುದು? ಭಾರತದಲ್ಲೇ ಸಾಧ್ಯವೇ?

ಭಾರತದಲ್ಲಿ ಇದಕ್ಕೇ ಮೀಸಲಾದ ಪದವಿ ವಿರಳ. ಇಂಗ್ಲಿಷ್ ವಿಭಾಗಗಳಲ್ಲಿ ಅಮೆರಿಕದ ಸಾಹಿತ್ಯದ ಪತ್ರಿಕೆ, ಇತಿಹಾಸ ವಿಭಾಗಗಳಲ್ಲಿ ಅಮೆರಿಕದ ಇತಿಹಾಸದ ಪತ್ರಿಕೆ ಇರುತ್ತದೆ. 1964ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಶುರುವಾದ ಅಮೆರಿಕನ್ ಅಧ್ಯಯನ ಸಂಶೋಧನ ಕೇಂದ್ರದ ಗ್ರಂಥಾಲಯ ಒಂದು ಕಾಲಕ್ಕೆ ದೇಶದ ಅಧ್ಯಾಪಕರಿಗೆಲ್ಲ ಯಾತ್ರಾಸ್ಥಳವಾಗಿತ್ತು. ಮುಂದೆ ಆ ಕೇಂದ್ರ ಹೆಸರು, ಸ್ವರೂಪ ಎರಡನ್ನೂ ಬದಲಿಸಿತು.

ಹೊರಗೆ ಎಂದರೆ ಅಮೆರಿಕವೊಂದೇ ಅಲ್ಲ. ಬರ್ಲಿನ್‌ನ ಫ್ರೀ ವಿಶ್ವವಿದ್ಯಾಲಯದಲ್ಲಿ 1963ರಿಂದ ಇರುವ ಜಾನ್ ಎಫ್. ಕೆನಡಿ ಸಂಸ್ಥೆ ಯುರೋಪಿನಲ್ಲಿ ಹೆಸರಾದದ್ದು. ಹೈಡೆಲ್‌ಬರ್ಗ್‌ನಲ್ಲೂ ಒಂದು ಕೇಂದ್ರ ಇದೆ. ಬ್ರಿಟನ್ನಿನಲ್ಲಿ ಎಂ.ಎ. ಒಂದೇ ವರ್ಷಕ್ಕೆ ಮುಗಿಯುತ್ತದೆ, ಶುಲ್ಕ ಹೆಚ್ಚು. ಹೊರಗಿನಿಂದ ನೋಡುವವರ ನಡುವೆ ಕೂತು ಓದುವುದಕ್ಕೂ ಅದರದೇ ಲಾಭ ಇದೆ.

ಹಣದ ವ್ಯವಸ್ಥೆ ಹೇಗೆ?

ಅಮೆರಿಕದ ಒಳ್ಳೆಯ ಪಿಎಚ್‌.ಡಿ. ಕಾರ್ಯಕ್ರಮಗಳಲ್ಲಿ ಬೋಧನಾ ಶುಲ್ಕ ಮನ್ನಾ ಆಗುತ್ತದೆ, ಬದುಕಲು ಶಿಷ್ಯವೇತನ ಬರುತ್ತದೆ. ಬದಲಿಗೆ ಬೋಧನಾ ಸಹಾಯಕರಾಗಿ ಕೆಲಸ ಮಾಡಬೇಕು. ಐದರಿಂದ ಏಳು ವರ್ಷ ಹಿಡಿಯುತ್ತದೆ. ಎಂ.ಎ.ಗೆ ಮಾತ್ರ ಹೋಗುವವರು ಬಹುಪಾಲು ಕೈಯಿಂದಲೇ ಹಣ ಹಾಕಬೇಕಾಗುತ್ತದೆ. ಈ ವಿಷಯದಲ್ಲಿ ಎಂ.ಎ. ಮಾಡಲು ಮನೆ, ಜಮೀನು ಅಡವಿಟ್ಟು ಸಾಲ ಮಾಡಬೇಡಿ. ನನ್ನನ್ನು ಕೇಳಿದ ಪ್ರತಿಯೊಬ್ಬರಿಗೂ ಇದನ್ನೇ ಹೇಳಿದ್ದೇನೆ. ಭಾರತದಲ್ಲೇ ಎಂ.ಎ. ಮುಗಿಸಿ ನೇರವಾಗಿ ಪಿಎಚ್‌.ಡಿ.ಗೆ ಅರ್ಜಿ ಹಾಕಿ.

ಫುಲ್‌ಬ್ರೈಟ್–ನೆಹರೂ ವೇತನಗಳಿವೆ, ಭಾರತ, ಅಮೆರಿಕ ಸರ್ಕಾರಗಳ ಫುಲ್‌ಬ್ರೈಟ್ ಒಪ್ಪಂದ 1950ರಷ್ಟು ಹಳೆಯದು. ಸ್ನಾತಕೋತ್ತರ ವೇತನಕ್ಕೆ ಕೆಲಸದ ಅನುಭವ ಕೇಳುತ್ತಾರೆ, ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕೆಂಬ ನಿಯಮವೂ ಇದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹಳ ಕಡೆ ಬೋಧನಾ ಶುಲ್ಕವಿಲ್ಲ, ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚಿನ ಹಣವನ್ನು ಖಾತೆಯಲ್ಲಿ ತೋರಿಸಬೇಕು.

ಓದಿದ ಮೇಲೆ ಕೆಲಸ ಸಿಗುತ್ತದೆಯೇ?

ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಅಮೆರಿಕದಲ್ಲಿ ಕಾಯಂ ಪ್ರಾಧ್ಯಾಪಕ ಹುದ್ದೆ ಸಿಗುವುದು ಬಹಳ ಕಷ್ಟ, ಪಿಎಚ್‌.ಡಿ. ಮುಗಿಸುವವರ ಸಂಖ್ಯೆಗೂ ತೆರೆಯುವ ಹುದ್ದೆಗಳಿಗೂ ತಾಳೆಯಿಲ್ಲ. ಒಂದು ವರ್ಷದ ಗುತ್ತಿಗೆಯ ಮೇಲೆ ಊರಿಂದೂರಿಗೆ ಪೆಟ್ಟಿಗೆ ಕಟ್ಟುತ್ತ ನಾನೂ ನಾಲ್ಕು ವರ್ಷ ಕಳೆದೆ. ಇನ್ನೊಂದು ವಿಷಯವನ್ನು ಏಜೆಂಟರು ಹೇಳುವುದಿಲ್ಲ. ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲಿ ಕೆಲಸ ಮಾಡಲು ಇರುವ ಅವಕಾಶ ಇತಿಹಾಸದವರಿಗೆ 12 ತಿಂಗಳು. ವಿಜ್ಞಾನ, ಎಂಜಿನಿಯರಿಂಗ್‌ನವರಿಗೆ ಸಿಗುವ 24 ತಿಂಗಳ ವಿಸ್ತರಣೆ ನಮಗಿಲ್ಲ. ಇದನ್ನು ಮನೆಯವರಿಗೂ ಮೊದಲೇ ಹೇಳಿ. ಅಪ್ಪ, ಅಮ್ಮನಿಗೆ ಅರ್ಧ ಸತ್ಯ ಹೇಳಿ ವಿಮಾನ ಹತ್ತಿದವರು ಆಮೇಲೆ ಪಟ್ಟ ಪಾಡನ್ನು ನೋಡಿದ್ದೇನೆ.

ಅಧ್ಯಾಪನದ ಹೊರಗೆ ಮ್ಯೂಸಿಯಂ, ಪತ್ರಾಗಾರ, ಗ್ರಂಥಾಲಯ, ಪತ್ರಿಕೋದ್ಯಮ, ಪ್ರಕಾಶನ, ವಿಶ್ವವಿದ್ಯಾಲಯದ ಆಡಳಿತ, ಕಾನೂನು ಇವೆ. ನೂರು ಪುಟದ ಕಡತವನ್ನು ಓದಿ ಅದರಲ್ಲಿ ಏನಿದೆ, ಏನನ್ನು ಬಿಟ್ಟಿದ್ದಾರೆ ಎಂದು ಎರಡು ಪುಟದಲ್ಲಿ ಬರೆಯಬಲ್ಲವರು ಎಲ್ಲ ಕಡೆಗೂ ಬೇಕು.

ಅರ್ಜಿಯಲ್ಲಿ ಯಾವುದು ಮುಖ್ಯ?

ಬರವಣಿಗೆಯ ಮಾದರಿ. ನಿಮ್ಮದೇ ಒಂದು ಇಪ್ಪತ್ತು ಪುಟದ ಪ್ರಬಂಧ, ಮೂಲ ದಾಖಲೆಗಳನ್ನು ಓದಿ ಬರೆದದ್ದು. ಆಮೇಲೆ ಉದ್ದೇಶ ಪತ್ರ. ‘ಚಿಕ್ಕಂದಿನಿಂದಲೂ ನನಗೆ ಇತಿಹಾಸವೆಂದರೆ ಬಹಳ ಆಸಕ್ತಿ’ ಎಂದು ಶುರುವಾಗುವ ಪತ್ರವನ್ನು ಸಮಿತಿಯವರು ದಿನಕ್ಕೆ ಹತ್ತು ಓದುತ್ತಾರೆ. ನಿಮ್ಮನ್ನು ಕಾಡುವ ಒಂದು ದಾಖಲೆಯಿಂದ, ಅದು ಎಬ್ಬಿಸಿದ ಒಂದು ಪ್ರಶ್ನೆಯಿಂದ ಶುರುಮಾಡಿ. ಶಿಫಾರಸು ಪತ್ರ ಬರೆಯುವವರು ನಿಮ್ಮ ಪ್ರಬಂಧವನ್ನು ನಿಜವಾಗಿ ಓದಿದವರಾಗಿರಲಿ, ಅವರ ಹುದ್ದೆಯ ಎತ್ತರ ಮುಖ್ಯವಲ್ಲ. ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆ ಅನೇಕ ಕಡೆ ಈಗ ಬೇಕಿಲ್ಲ. ಕೊನೆಯ ದಿನಾಂಕಗಳು ಬಹುಪಾಲು ಡಿಸೆಂಬರಿನಲ್ಲಿ, ಕೆಲವು ಜನವರಿಯ ಮೊದಲ ವಾರಗಳಲ್ಲಿ ಬರುತ್ತವೆ.

ಊರಲ್ಲೇ ಕೂತು, ದುಡ್ಡಿಲ್ಲದೆ, ಈಗಲೇ ಏನು ಓದಬಹುದು?

ಮೊಬೈಲ್ ಇದ್ದರೆ ಸಾಕು. ಅಮೆರಿಕದ ಸಂಸತ್ತಿನ ಗ್ರಂಥಾಲಯವು ಹಳೆಯ ಪತ್ರಿಕೆಗಳ ಲಕ್ಷಾಂತರ ಪುಟಗಳನ್ನು ಉಚಿತವಾಗಿ ಇಟ್ಟಿದೆ. 1936ರಿಂದ 1938ರವರೆಗೆ, ಗುಲಾಮಗಿರಿಯನ್ನು ಕಂಡುಂಡ ಮುದುಕ ಮುದುಕಿಯರನ್ನು ಸರ್ಕಾರದ ಬರಹಗಾರರು ಮನೆಮನೆಗೆ ಹೋಗಿ ಮಾತಾಡಿಸಿ ದಾಖಲಿಸಿದ 2,300ಕ್ಕೂ ಹೆಚ್ಚು ಸಂದರ್ಶನಗಳೂ ಅಲ್ಲೇ ಇವೆ. ಅವನ್ನು ಓದುವಾಗ ಕೇಳಿದವರು ಯಾರು ಎಂದು ಗಮನಿಸಿ: ಹೆಚ್ಚಿನವರು ಬಿಳಿಯರು, ಕೆಲವರು ಹಳೆಯ ಯಜಮಾನರ ಊರಿನವರೇ. ಆರ್ಥಿಕ ಕುಸಿತದ ಕಾಲದಲ್ಲಿ ಸರ್ಕಾರದ ಕಡೆಯಿಂದ ಬಂದವರ ಮುಂದೆ ಹಸಿದ ಮುದುಕಿ ಏನನ್ನು ಹೇಳುತ್ತಾಳೆ, ಏನನ್ನು ನುಂಗಿಕೊಳ್ಳುತ್ತಾಳೆ? ನಾನು ಮೇಲೆ ಹೇಳಿದ ಬಂಧುಗಳ ಅಂಕಣವೂ ನ್ಯೂ ಆರ್ಲಿಯನ್ಸ್‌ನ ಒಂದು ಚರಿತ್ರೆ ಸಂಗ್ರಹಾಲಯದ ತಾಣದಲ್ಲಿ ಎಲ್ಲರಿಗೂ ತೆರೆದಿದೆ.

ಮೊದಲ ಅಭ್ಯಾಸವಾಗಿ 1787ರ ಸಂವಿಧಾನವನ್ನು ತೆಗೆಯಿರಿ. ಅದರಲ್ಲಿ ‘ಗುಲಾಮ’ ಎಂಬ ಪದವನ್ನು ಹುಡುಕಿ. ಸಿಗುವುದಿಲ್ಲ. ಮೊದಲ ವಿಧಿಯ ಎರಡನೆಯ ಖಂಡದಲ್ಲಿ ಪ್ರತಿನಿಧಿಗಳ ಸಂಖ್ಯೆಗಾಗಿ ಜನರನ್ನು ಎಣಿಸುವ ಲೆಕ್ಕ ಇದೆ. ಸ್ವತಂತ್ರರನ್ನು ಪೂರ್ತಿ ಎಣಿಸಿ, ‘ಉಳಿದ ಎಲ್ಲ ವ್ಯಕ್ತಿಗಳ’ ಐದರಲ್ಲಿ ಮೂರು ಪಾಲು ಸೇರಿಸಬೇಕು ಎನ್ನುತ್ತದೆ. ಆ ಉಳಿದವರು ಯಾರೆಂದು ಬರೆದವರಿಗೆಲ್ಲ ಗೊತ್ತಿತ್ತು. ಆ ಮಾತು ಸಂವಿಧಾನದಲ್ಲಿ ಬಾಯಿಬಿಟ್ಟು ಬಂದದ್ದು 1865ರ ಹದಿಮೂರನೆಯ ತಿದ್ದುಪಡಿಯಲ್ಲಿ, ಅದನ್ನು ತೊಡೆದುಹಾಕುವಾಗ. ಈ ಎರಡು ಭಾಗಗಳನ್ನು ಪಕ್ಕಪಕ್ಕ ಇಟ್ಟು ಕನ್ನಡದಲ್ಲೇ ಎರಡು ಪುಟ ಬರೆಯಿರಿ.

ಪ್ರಾಧ್ಯಾಪಕರಿಗೆ ಮೊದಲೇ ಪತ್ರ ಬರೆಯಬಹುದೇ?

ಬರೆಯಿರಿ, ಸೆಪ್ಟೆಂಬರಿನಲ್ಲಿ. ಎಂಟು ಹತ್ತು ಸಾಲು ಸಾಕು: ನೀವು ಯಾರು, ಯಾವ ದಾಖಲೆ ಓದಿದ್ದೀರಿ, ಯಾವ ಪ್ರಶ್ನೆ ನಿಮ್ಮದು, ಅವರು ಮುಂದಿನ ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಾರೆಯೇ. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳಿಸಬೇಡಿ. ಮೂರು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ. ನನಗೆ ಬರೆಯುವವರು ಕನ್ನಡದಲ್ಲೇ ಬರೆಯಿರಿ. ಸಂವಿಧಾನದ ಮೇಲಿನ ಆ ಎರಡು ಪುಟವನ್ನೂ ಜೊತೆಗೆ ಕಳಿಸಿ, ಓದಿ ಉತ್ತರಿಸುತ್ತೇನೆ.